ಜುಲು ಮಹಿಳೆಯರೊಡನೆ ನಾಟಕ ಚಿಕಿತ್ಸೆ: ಆತ್ಮವನ್ನು ಮನೆಗೆ ಕರೆತರುವ ಆಚರಣೆಯನ್ನು ಬಳಸಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ಆಪ್ತಸಮಾಲೋಚಕಿಯಾಗಿರುವ ಕನ್ನಡತಿ. ಕೋವಿಡ್ ಕಾಲದಲ್ಲಿ ಮನೆಯವರನ್ನು ಕಳೆದುಕೊಂಡ ಎಂಟು ಮಂದಿ ಜುಲು ಮಹಿಳೆಯರು ನನ್ನ ಗುಂಪಿನಲ್ಲಿದ್ದಾರೆ. 2020ರ ನಿರ್ಬಂಧದಲ್ಲಿ ಅಂತ್ಯಕ್ರಿಯೆಗೆ 50 ಜನರ ಮಿತಿಯಿತ್ತು, ಹಿಂದಿನ ರಾತ್ರಿಯ ಜಾಗರಣೆಗೂ ಅವಕಾಶವಿರಲಿಲ್ಲ. ಮಾತನಾಡಿಸಿದರೆ ‘ಚೆನ್ನಾಗಿದ್ದೇವೆ’ ಎನ್ನುವ ಇವರು ಹಾಡತೊಡಗಿದಾಗ ಅಳುತ್ತಾರೆ. ಆಸ್ಪತ್ರೆಯಲ್ಲಿ ತೀರಿಕೊಂಡವರ ಆತ್ಮವನ್ನು ತಮ್ಮ ಸಂಪ್ರದಾಯದಂತೆ ಮರದ ಕೊಂಬೆಯಲ್ಲಿ ಮನೆಗೆ ಕರೆತರಲಾಗಲಿಲ್ಲವೆಂಬುದೇ ಹಲವರ ಕೊರಗು. ನಾಟಕ ಚಿಕಿತ್ಸೆಯಾಗಿ, ಅಂದರೆ ಅಭಿನಯದ ಮೂಲಕ ಮನಸ್ಸಿನ ನೋವನ್ನು ಹಗುರಗೊಳಿಸುವ ಕ್ರಮವಾಗಿ, ಆ ಆಚರಣೆಯನ್ನು ಗುಂಪಿನಲ್ಲಿ ಅಭಿನಯಿಸಬಹುದೇ?

ಉತ್ತರ: ನಮಸ್ಕಾರ. ಹಾಡಿನಲ್ಲಿ ಅಳು ಬರುತ್ತದೆಂಬುದನ್ನು ನೀವು ಗಮನಿಸಿದ್ದು ಬಹಳ ಮುಖ್ಯ. ಕುರ್ಚಿ ಹಾಕಿ ಒಬ್ಬೊಬ್ಬರನ್ನೇ ಪ್ರಶ್ನಿಸುವ ಕ್ರಮ ಅವರ ದುಃಖದ ಭಾಷೆಯಲ್ಲ. ಆದರೆ ಆಚರಣೆಯನ್ನು ಹಾಗೆಯೇ ಅಭಿನಯಿಸುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದು ನಡೆಯುವ ಬಗೆಯನ್ನು ನೋಡಿ. ನಮ್ಮ ಬೋರೆ ಮರದ ಕುಲಕ್ಕೇ ಸೇರಿದ ಉಮ್ಲಾಹ್ಲಂಕೋಸಿ ಎಂಬ ಮುಳ್ಳುಮರದ ಕೊಂಬೆಯನ್ನು ಹಿಡಿದು ಕುಟುಂಬದವರು ಸಾವು ಸಂಭವಿಸಿದ ಸ್ಥಳಕ್ಕೆ ಹೋಗಿ, ಸತ್ತವರನ್ನು ಹೆಸರಿನಿಂದಲೂ ಇಜಿತಕಜೆಲೊ ಎಂಬ ಕುಲದ ಹೊಗಳಿಕೆಯ ನುಡಿಗಳಿಂದಲೂ ಕರೆದು, ‘ನಡೆಯಿರಿ, ಮನೆಗೆ ಹೋಗೋಣ’ ಎನ್ನುತ್ತಾರೆ. ದಾರಿಯುದ್ದಕ್ಕೂ ‘ಈಗ ಹೊಳೆ ದಾಟುತ್ತಿದ್ದೇವೆ, ಈಗ ಗಾಡಿ ಬದಲಿಸುತ್ತಿದ್ದೇವೆ’ ಎಂದು ತಿಳಿಸುತ್ತಾರೆ. ಕೊಂಬೆ ಹಿಡಿದವರು ಬೇರೆ ಯಾರೊಡನೆಯೂ ಮಾತನಾಡುವುದಿಲ್ಲ. ಟ್ಯಾಕ್ಸಿಯಲ್ಲಿ ಆ ಪಯಣಿಗರಿಗೆಂದು ಒಂದು ಸೀಟಿನ ಹಣವನ್ನೂ ಕೊಡುವುದುಂಟು. ಇಲ್ಲಿ ಕರೆಯುವ ಅಧಿಕಾರ ಕುಟುಂಬದ್ದು. ಆದ್ದರಿಂದ ನಿಮ್ಮ ಕೊಠಡಿಗೆ ಕೊಂಬೆಯನ್ನು ತರಿಸಬೇಡಿ, ಪೂರ್ವಜರೊಡನೆ ಮಾತಿಗೆ ಮೊದಲು ಹೊಗೆ ಹಾಕುವ ಇಂಪೆಫೊ ಸೊಪ್ಪನ್ನು ವಾತಾವರಣಕ್ಕೆಂದು ಸುಡಬೇಡಿ.

ನೀವು ಪಡೆಯಬಹುದಾದದ್ದು ಆಚರಣೆಯ ನಡಿಗೆಯನ್ನು: ಹೊರಡುವುದು, ದಾರಿಯನ್ನು ಹೇಳುತ್ತಾ ಸಾಗುವುದು, ಹೊಸ್ತಿಲಲ್ಲಿ ಕಾದವರು ಬರಮಾಡಿಕೊಳ್ಳುವುದು. ಮೊದಲ ಕೆಲವು ಭೇಟಿಗಳಲ್ಲಿ ದೂರದ ಊರಿನಿಂದ ಮರಳುವ ಒಬ್ಬ ಕಲ್ಪಿತ ಪಯಣಿಗನ ಕಥೆಯನ್ನು ಎಲ್ಲರೂ ಸೇರಿ ಕಟ್ಟಲಿ. ಸ್ವಂತ ನೋವಿಗೂ ಆಟಕ್ಕೂ ನಡುವೆ ಆ ಕಥೆ ಒಂದಿಷ್ಟು ಅಂತರ ಕೊಡುತ್ತದೆ. ಆಮೇಲೆ ಸಿದ್ಧರಾದವರು ಮಡಿಸಿದ ಒಂದು ಬಟ್ಟೆಯನ್ನು ಹಿಡಿದು ತಮ್ಮ ಮನೆಯ ದಾರಿಯನ್ನು ಹೇಳುತ್ತಾ ನಡೆಯಲಿ, ಯಾವ ಸೇತುವೆ, ಯಾವ ತಿರುವು, ಗೇಟಿನ ಬಳಿ ನಿಂತವರು ಯಾರು ಎಂದು. ಪ್ರತಿ ತಿರುವಿಗೂ ಉಳಿದವರು ಹಾಡಿನಿಂದ ದನಿಗೂಡಿಸಲಿ. ಇದೆಲ್ಲ ಜುಲು ಭಾಷೆಯಲ್ಲೇ ನಡೆಯಬೇಕು. ದಕ್ಷಿಣ ಆಫ್ರಿಕಾದಲ್ಲಿ ಕಲಾ ಚಿಕಿತ್ಸಕರು ಆರೋಗ್ಯ ವೃತ್ತಿಗಳ ಮಂಡಳಿಯಲ್ಲಿ ನೋಂದಾಯಿತರಾಗಿರಬೇಕಾದ್ದರಿಂದ, ಆ ಭಾಷೆ ಬಲ್ಲ ನೋಂದಾಯಿತ ನಾಟಕ ಚಿಕಿತ್ಸಕರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ವಿಟ್ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದಲ್ಲಿ ಈ ತರಬೇತಿ ಇದೆ. ಕೊನೆಯಲ್ಲಿ ಬಟ್ಟೆಯನ್ನು ಎಲ್ಲರ ಮುಂದೆ ಮಡಿಸಿಟ್ಟು, ಪ್ರತಿಯೊಬ್ಬರೂ ತಮ್ಮ ಹೆಸರು ಹೇಳಿ ಪಾತ್ರದಿಂದ ಹೊರಬರುವುದನ್ನು ಎಂದೂ ಬಿಡಬೇಡಿ.

ಎಲ್ಲ ಜುಲು ಕುಟುಂಬಗಳೂ ಈ ಆಚರಣೆಯನ್ನು ಮಾಡುವುದಿಲ್ಲ. ಕೆಲವು ಚರ್ಚುಗಳಿಗೆ ಸೇರಿದವರಿಗೆ ಅದು ಒಪ್ಪಿಗೆಯಿಲ್ಲ. ಮೊದಲೇ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿಕೊಳ್ಳಿ.

ಪ್ರಶ್ನೆ: ಧನ್ಯವಾದಗಳು ಮೇಡಂ. ಯಾರಾದರೂ ತಾವಾಗಿಯೇ ನಿಜವಾದ ಕೊಂಬೆಯನ್ನು ತಂದುಬಿಟ್ಟರೆ ಏನು ಮಾಡಲಿ?

ಉತ್ತರ: ನೀವು ಮುಟ್ಟಬೇಡಿ, ವ್ಯಾಯಾಮಕ್ಕೂ ಬಳಸಬೇಡಿ. ಅದನ್ನು ಎಲ್ಲಿಡಬೇಕೆಂದು ಆಕೆಯನ್ನೇ ಕೇಳಿ, ಆ ದಿನದ ಕಾರ್ಯಕ್ರಮವನ್ನು ಬದಿಗಿಟ್ಟು ಆಕೆಯ ಮಾತಿಗೆ ಕಿವಿಗೊಡಿ. ಆತ್ಮವನ್ನು ವರ್ಷಗಳ ನಂತರವೂ ಕರೆತರುವುದುಂಟು. ಆಕೆ ಕೊಂಬೆ ತಂದಿದ್ದಾಳೆಂದರೆ ಬಹುಶಃ ಹೊರಡಲು ಸಿದ್ಧಳಾಗಿದ್ದಾಳೆ. ಜೊತೆಗೆ ಹೋಗಬೇಕಾದ ಹಿರಿಯರು ಕುಟುಂಬದಲ್ಲಿ ಯಾರಿದ್ದಾರೆ, ಅವರಿಗೆ ಯಾವಾಗ ಫೋನ್ ಮಾಡುವಿರಿ ಎಂದು ಕೇಳಿ.