ಮನೆ ತುಂಬ ಜನ ಇದ್ದರೂ ಅಪ್ಪ ಮಂಕಾಗಿದ್ದಾರೆ, ಏನು ಮಾಡಲಿ?

ಸಂಪಿಗೆರಸ್ತೆ (ಅಕ್ಟೋಬರ್ 2020):
ಅಪ್ಪನಿಗೆ 74. ಮಾರ್ಚ್ 22ರ ಜನತಾ ಕರ್ಫ್ಯೂವರೆಗೆ ದಿನಾ ಬೆಳಿಗ್ಗೆ ಆರಕ್ಕೆ ಸ್ಯಾಂಕಿ ಕೆರೆ ಸುತ್ತ ವಾಕಿಂಗ್. ಆಮೇಲೆ ನಾಲ್ವರು ಗೆಳೆಯರ ಜೊತೆ ನಿಂತುಕೊಂಡೇ ಬೈ-ಟು ಕಾಫಿ. 65 ದಾಟಿದವರು ಮನೆಯಲ್ಲೇ ಇರಿ ಅಂತ ಸರ್ಕಾರ ಹೇಳಿತು, ನಾನು ಗೇಟಿಗೆ ಬೀಗವನ್ನೇ ಹಾಕಿದೆ. ಮೊದಲು ಪರವಾಗಿರಲಿಲ್ಲ. ದೂರದರ್ಶನದಲ್ಲಿ ಮತ್ತೆ ರಾಮಾಯಣ ಬಂತು, ಮೊಮ್ಮಗನನ್ನು ಕೂರಿಸಿಕೊಂಡು ನೋಡಿದರು. ಜುಲೈನಲ್ಲಿ ಆ ನಾಲ್ವರಲ್ಲಿ ಒಬ್ಬರು ಕೋವಿಡ್‌ನಿಂದ ಹೋದರು. ಮುಖ ನೋಡೋಕೂ ಆಗಲಿಲ್ಲ. ಅವತ್ತಿಂದ ಮಾತೇ ಕಡಿಮೆ. ರಾತ್ರಿ ಮೂರಕ್ಕೇ ಎದ್ದು ಕೂತಿರುತ್ತಾರೆ. ಪದಬಂಧ ಒಂದು ದಿನವೂ ಬಿಟ್ಟವರಲ್ಲ, ಈಗ ಪೆನ್ನಿನ ಕ್ಯಾಪೂ ತೆಗೆಯುವುದಿಲ್ಲ. ಕೇಳಿದರೆ "ಹೊಟ್ಟೆ ಸರಿಯಿಲ್ಲ" ಅಷ್ಟೇ. ಐದು ಜನ ಇರೋ ಮನೇಲಿ ಎಂಥ ಒಂಟಿತನ ಅಂತ ನಮ್ಮೆಜಮಾನರ ವಾದ.

ತುಮಕೂರ್‌ಕಡೆಯವ:
ನಮ್ಮಮ್ಮನದು ಮಂಡಿ ನೋವು ಅಂತ ಶುರುವಾಯ್ತು. ವಯಸ್ಸಾದವರು ಬೇಜಾರು ಅಂತ ಬಾಯಿಬಿಟ್ಟು ಹೇಳೋದು ಕಡಿಮೆ. ನಿದ್ದೆ ಕೆಡುತ್ತೆ, ಊಟ ಸೇರಲ್ಲ, ಮೈಕೈ ನೋವು ಅಂತಾರೆ. ಡಾಕ್ಟರ್ ಮೊದಲು ಥೈರಾಯ್ಡ್, ಬಿ12 ನೋಡಿಸಿದರು. ಆಮೇಲೆ ಹೌದು-ಇಲ್ಲ ಅಂತ ಉತ್ತರಿಸುವ 15 ಪ್ರಶ್ನೆ. ಖಿನ್ನತೆ ಅಂದರು, ಮಾತ್ರೆ ಕೊಟ್ಟರು. ಗುಣ ಕಾಣೋಕೆ ಒಂದು ತಿಂಗಳು ಹಿಡಿಯಿತು, ನಡುವೆ ನಿಲ್ಲಿಸಬೇಡಿ. ಆಸ್ಪತ್ರೆಗೆ ಹೋಗೋಕೆ ಭಯವಾದರೆ ನಿಮ್ಹಾನ್ಸ್ ಸಹಾಯವಾಣಿ ಇದೆ.

ಹಳೇಹುಬ್ಬಳ್ಳಿ:
ನಿಮ್ಮ ಯಜಮಾನರಿಗೆ ಹೇಳ್ರಿ, ಮನೆಯಲ್ಲಿರೋರೆಲ್ಲ ಅವರನ್ನು ನೋಡಿಕೊಳ್ಳುವವರು. ಸರಿಸಮ ಕೂತು ಜಗಳ ಆಡುವವರು ಒಬ್ಬರೂ ಇಲ್ಲ. "ಊಟ ಆಯ್ತಾ, ಮಾತ್ರೆ ಆಯ್ತಾ" ಅನ್ನೋದು ಮಾತಲ್ಲರಿ. ಉಳಿದ ಮೂವರ ನಂಬರ್ ಹುಡುಕ್ರಿ.

ಸಂಪಿಗೆರಸ್ತೆ (ಮೂರು ವಾರದ ನಂತರ):
ಡಾಕ್ಟರ್ ಹತ್ತಿರ ಹೋಗಿ ಬಂದೆವು, ಮಾತ್ರೆ ಶುರುವಾಗಿದೆ. ಮೂವರಲ್ಲಿ ಒಬ್ಬರು ಮಗನ ಜೊತೆ ಬೇರೆ ಊರಿಗೆ ಹೋಗಿದ್ದಾರೆ. ಇನ್ನೊಬ್ಬರ ಮನೆಯವರು ಬೇಡ ಅಂದರು, ಅವರನ್ನು ತಪ್ಪು ಅನ್ನೋಕಾಗಲ್ಲ. ಮೂರನೆಯವರು ಬಂದರು. ಅಂಗಳದಲ್ಲಿ ಎರಡು ಕುರ್ಚಿ ದೂರ ದೂರ ಹಾಕಿ, ಫ್ಲಾಸ್ಕ್‌ನಲ್ಲಿ ಕಾಫಿ ಇಟ್ಟು ನಾನು ಒಳಗೆ ಬಂದೆ. ಹತ್ತು ನಿಮಿಷ ಇಬ್ಬರೂ ತುಟಿ ಬಿಚ್ಚಲಿಲ್ಲ. ಆಮೇಲೆ ಅಪ್ಪ, "ಕೊನೇ ದಿನದ ಕಾಫಿ ದುಡ್ಡು ಅವನೇ ಕೊಟ್ಟಿದ್ದ ಕಣೋ" ಅಂದರು. ಅವರಿಗೆ ಕಿವಿ ಮಂದ, ಅಪ್ಪನಿಗೆ ಮಾಸ್ಕು. ಅದನ್ನೇ ಮೂರು ಸಲ ಕೂಗಿ ಹೇಳಬೇಕಾಯ್ತು. ಮೂರನೇ ಸಲ ಅಪ್ಪ ಅತ್ತುಬಿಟ್ಟರು. ಹೊರಗೆ ಹೋಗಬೇಕಾ ಅಂತ ಗೊತ್ತಾಗದೆ ಬಾಗಿಲ ಹಿಂದೆ ಸುಮ್ನೆ ನಿಂತಿದ್ದೆ.

ರಾತ್ರಿ ಮೂರಕ್ಕೆ ಏಳೋದು ಇನ್ನೂ ತಪ್ಪಿಲ್ಲ. ಪದಬಂಧವೂ ಖಾಲಿಯೇ. ಇವತ್ತು ಗುರುವಾರ, ಅವರು ಬರೋ ದಿನ. ಅಪ್ಪ ಆಗಲೇ ಶೇವ್ ಮಾಡಿಕೊಂಡು ಕೂತಿದ್ದಾರೆ.