ಪದಚರ್ಚೆ: ಸಂಗ್ರಹಕ, ಸಂಗ್ರಹಕಾರ, ಸಂಗ್ರಾಹಕ – ಫ್ಲೆಕ್ಸಿಗೆ ಯಾವುದು?

ಹುಬ್ಬಳ್ಳಿಯಿಂದ:
ಹಳೆ ನಾಣ್ಯ, ಅಂಚೆಚೀಟಿ ಕೂಡಿಸುವವರ ಮೇಳದ ಫ್ಲೆಕ್ಸ್ ನಾಳೆ ಮುಂಜಾನೆ ಅಚ್ಚಿಗೆ ಹೋಗಬೇಕು. ಕರಡಿನಲ್ಲಿ ‘ಸಂಗ್ರಹಕಾರರ ಮೇಳ’ ಎಂದಿದೆ. ಕೆಲವರು ‘ಸಂಗ್ರಹಕರ’ ಅನ್ನುತ್ತಾರೆ. ಯಾವುದು ಸರಿ, ಲಗೂನ ಹೇಳ್ರಿ.

ಧಾರವಾಡದಿಂದ:
ಎರಡೂ ಬೇಡ. ಸಂಗ್ರಾಹಕ. ‘ಮಾಡುವವನು’ ಎಂಬರ್ಥದ ‘ಅಕ’ ಪ್ರತ್ಯಯ ಹತ್ತಿದಾಗ ಧಾತುವಿನ ಅಕಾರ ಸಾಮಾನ್ಯವಾಗಿ ದೀರ್ಘವಾಗುತ್ತದೆ: ಪಠ್–ಪಾಠಕ, ವಚ್–ವಾಚಕ, ಗ್ರಹ್–ಗ್ರಾಹಕ. ಅಂಗಡಿಗೆ ಬಂದವನನ್ನು ಯಾರೂ ‘ಗ್ರಹಕ’ ಎನ್ನುವುದಿಲ್ಲವಲ್ಲ. ‘ಸಂಗ್ರಹಕಾರ’ ತಪ್ಪಲ್ಲ, ಅರ್ಥ ಬೇರೆ. ಸಂಗ್ರಹವೆಂದರೆ ಸಂಕ್ಷೇಪವೂ ಹೌದು. ವ್ಯಾಕರಣ ಪರಂಪರೆಯಲ್ಲಿ ಸಂಗ್ರಹಕಾರನೆಂದರೆ ಆ ಹೆಸರಿನ ಗ್ರಂಥ ಬರೆದ ವ್ಯಾಡಿ. ಗ್ರಂಥ ಸಂಕ್ಷೇಪಿಸಿದವರಿಗೇ ಆ ಪದ ಇರಲಿ. ಅಚ್ಚಿನವರು ‘ಗ್ರಾ’ದ ದೀರ್ಘ ನುಂಗುತ್ತಾರೆ, ಕರಡು ನೋಡಿಯೇ ಒಪ್ಪಿಗೆ ಕೊಡಿ.

ಗದಗದಿಂದ:
ಮತ್ತ ಸಂಸ್ಕೃತಾನೇ ಯಾಕ್ರಿ? ಓದುಗ, ಕೇಳುಗ, ನೋಡುಗ ನಡೀತಾವಂದ್ರ ‘ಕೂಡಿಡುಗ’ ಯಾಕ ನಡೀಬಾರದು? ಮಂದಿ ಕೂಡಸ್ತಾರ, ಕೂಡಿಡ್ತಾರ, ಕಲೆಹಾಕ್ತಾರ. ‘ಸಂಗ್ರಹಗಾರ’ ಅಂತೂ ಬ್ಯಾಡೇ ಬ್ಯಾಡ, ಗಾರ ಫಾರ್ಸಿ.

ಧಾರವಾಡದಿಂದ:
ಗಾರ ಫಾರ್ಸಿಯಲ್ಲ. ಬಳೆಗಾರ, ಮಾಲೆಗಾರ ಹಳಗನ್ನಡದವು. ಸಂಸ್ಕೃತದ ‘ಕಾರ’ ಕನ್ನಡದಲ್ಲಿ ‘ಗಾರ’ ಆಗಿದೆ. ಫಾರ್ಸಿಯ ‘ಗಾರ್’ ಬೇರೆ, ಕೇಳುವುದಕ್ಕಷ್ಟೇ ಒಂದು. ‘ವಸೂಲಿಗಾರ’ದಲ್ಲಿ ಹೊರಗಿನದು ವಸೂಲಿ ಮಾತ್ರ. ಕೂಡಿಡುಗ ಎಂದರೆ ಜನ ರೊಕ್ಕ ಕೂಡಿಡುವವನು ಎಂದುಕೊಳ್ಳುತ್ತಾರೆ. ಹೊಸ ಪದ ಪರೀಕ್ಷಿಸಲು ಫ್ಲೆಕ್ಸ್ ಜಾಗವಲ್ಲ.

ಹಾವೇರಿಯಿಂದ:
‘ಕಲೆಹಾಕು’ ಹಿಡಿದು ‘ಕಲೆಗಾರ’ನಿಗೆ ಹೋಗಬೇಡಿ, ಅವನು ಕಲಾವಿದ. ನಮ್ಮ ಭಾಷೆಯಲ್ಲಿ ವಸ್ತು ಬದಲಾದರೆ ಕ್ರಿಯೆಯೂ ಬದಲು: ಪಟ್ಟಿ (ವಂತಿಗೆ) ಎತ್ತುತ್ತಾರೆ, ಕರ ವಸೂಲು ಮಾಡುತ್ತಾರೆ, ಚಿಂದಿ ಆಯುತ್ತಾರೆ. ಎಲ್ಲಕ್ಕೂ ಒಂದೇ ಪದ ಬೇಕೆನ್ನುವುದು ಇಂಗ್ಲಿಷಿನಿಂದ ಬಂದ ಚಟ. ಆ ‘ಕಲೆಕ್ಟರ್’ ಎಂದರೂ ಈ ಭಾಗದಲ್ಲಿ ಕಂದಾಯದ ಸಾಹೇಬನೇ. 1824ರಲ್ಲಿ ಕಿತ್ತೂರಿನಲ್ಲಿ ಸತ್ತ ಥ್ಯಾಕರೆ ಧಾರವಾಡದ ಕಲೆಕ್ಟರ್. ಫ್ಲೆಕ್ಸಿಗೆ ಸಂಗ್ರಾಹಕ ಆಗಲಿ. ಆದರೆ ‘ಅಂಚೆಚೀಟಿಸಂಗ್ರಾಹಕ’ ಎಂದು ಕೂಡಿಸಿದರೆ ಅರಿಸಮಾಸ (ಕನ್ನಡ–ಸಂಸ್ಕೃತ ಪದಗಳ ಒಪ್ಪದ ಬೆಸುಗೆ), ನಡುವೆ ಜಾಗ ಬಿಡಿ.

ಗದಗದಿಂದ:
ಜಾಗ ಬಿಟ್ಟರ ಸಮಾಸ ಹೋಗೂದಿಲ್ರಿ. ವಿಭಕ್ತಿ ಹಚ್ಚಬೇಕು: ‘ಅಂಚೆಚೀಟಿಗಳ ಸಂಗ್ರಾಹಕರು’. ‘ಶಬ್ದಮಣಿದರ್ಪಣ’ ವ್ಯಾಕರಣ ಬರದ ಕೇಶಿರಾಜ ಬಿರುದಿಗೆ ರಿಯಾಯಿತಿ ಕೊಟ್ಟಾನ, ಇದು ಬಿರುದಲ್ಲ. ಕೂಡಿಡುಗ ಅಂದಿದ್ರ ಈ ತೊಡಕೇ ಇರತಿರಲಿಲ್ಲ.

ಹುಬ್ಬಳ್ಳಿಯಿಂದ:
‘ನಾಣ್ಯ, ಅಂಚೆಚೀಟಿಗಳ ಸಂಗ್ರಾಹಕರ ಮೇಳ’ ಅಂತ ಕಳಿಸಿದೆ. ಅಚ್ಚಿನವರ ಕರಡಿನಲ್ಲಿ ‘ಸಂಗ್ರಹಕರ’ ಅಂತಲೇ ಬಂದಿತ್ತು, ದೀರ್ಘ ತಿದ್ದಿಸಿದೆ.