ಪದಚರ್ಚೆ: ಅಮೈಲಾಯ್ಡ್ ‘ಶೇಖರಣೆ’, ‘ಜನಾಂಗೀಯ’ ವ್ಯತ್ಯಾಸ – ಬೇರೆ ಮಾತು ಇದೆಯಾ?

ಗೆಳೆಯರೇ,

ಹಿರಿಯರಿಗಾಗಿ ಮರೆವಿನ ಕಾಯಿಲೆ ಬಗ್ಗೆ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಮೂರು ದಿನದಿಂದ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ: ‘ಆರೋಗ್ಯವಂತ ವಯಸ್ಕರ ಮಿದುಳಿನ ಅಮೈಲಾಯ್ಡ್ ಶೇಖರಣೆಯಲ್ಲಿ ಜನಾಂಗೀಯ ಮತ್ತು ಆನುವಂಶಿಕ ವ್ಯತ್ಯಾಸಗಳು.’ ವ್ಯಾಕರಣ ಸರಿಯಿದೆ. ಆದರೆ ಓದುವವರಿಗೆ ಬೇರೆಯೇ ಅರ್ಥ ಮುಟ್ಟುತ್ತದೆ ಅನ್ನುವ ಅಳುಕು.

‘ಅಮೈಲಾಯ್ಡ್’ (ಮರೆವಿನ ಕಾಯಿಲೆಯಲ್ಲಿ ಮಿದುಳಿನಲ್ಲಿ ಸೇರಿಕೊಳ್ಳುವ ಒಂದು ಪ್ರೋಟೀನು) ಹಾಗೇ ಇರಲಿ. 1854ರಲ್ಲಿ ಜರ್ಮನಿಯ ವೈದ್ಯ ವಿರ್ಕೋ ಅಯೋಡಿನ್ ಹಾಕಿ ನೋಡಿ, ಇದು ಗಂಜಿಯಂಥ ವಸ್ತು ಅಂದುಕೊಂಡು ಈ ಹೆಸರು ಹಿಡಿದ. ಐದೇ ವರ್ಷದಲ್ಲಿ ಅದು ಪ್ರೋಟೀನು ಅಂತ ಗೊತ್ತಾಯಿತು. ‘ಪಿಷ್ಟಾಭ’ ಅಂತ ಅನುವಾದಿಸಿದರೆ ಹಳೇ ತಪ್ಪನ್ನೇ ಕನ್ನಡಕ್ಕೆ ತಂದಂತೆ.

‘ಶೇಖರಣೆ’ ಅಂದರೆ ಬೇಕೆಂದೇ ಕೂಡಿಡುವುದು. ‘ಸಂಚಯನ’ ಅಂದರೆ ಹಿರಿಯರಿಗೆ ಮೊದಲು ನೆನಪಾಗುವುದು ಅಸ್ಥಿ ಸಂಚಯನ. ‘ಹೂಳು’ ಹತ್ತಿರ ಬರುತ್ತದೆ. ಕೆರೆಯಲ್ಲಿ ನೀರು ಇರುವಾಗಲೇ ತಳದಲ್ಲಿ ಹೂಳು ತುಂಬುತ್ತಿರುತ್ತದೆ. ಅಮೈಲಾಯ್ಡೂ ಹಾಗೆಯೇ, ಮರೆವು ಕಾಣಿಸಿಕೊಳ್ಳುವ ಹದಿನೈದು ಇಪ್ಪತ್ತು ವರ್ಷ ಮುಂಚೆಯೇ ಶುರುವಾಗಿರುತ್ತದೆ. ಆದರೆ ಹೂಳು ಹೊರಗಿನಿಂದ ಬರುವಂಥದ್ದು. ಇದು ಮಿದುಳಿನದೇ ಪ್ರೋಟೀನಿನ ತುಂಡು. ಅದಕ್ಕೇ ನನಗೆ ‘ಕಟ್ಟುವುದು’ ಹಿಡಿಸಿದೆ. ಹಲ್ಲಿಗೆ ಪಾಚಿ ಕಟ್ಟುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಅಲ್ವಾ?

ನಿಜವಾದ ತೊಡಕು ‘ಜನಾಂಗೀಯ’. ನಮ್ಮಲ್ಲಿ ಜಾತಿಗೂ ಜನಾಂಗ ಅನ್ನುತ್ತೇವೆ. ಹುಟ್ಟಿನಿಂದ ಬಂದದ್ದು, ರಕ್ತದಲ್ಲೇ ಇರುವುದು ಅನ್ನುವ ಅರ್ಥ ಅದಕ್ಕೆ ಅಂಟಿಕೊಂಡಿದೆ. 2014ರಲ್ಲಿ ಅಮೆರಿಕದಲ್ಲಿ ಶುರುವಾದ ಎ4 ಎಂಬ ಔಷಧ ಪ್ರಯೋಗವನ್ನೇ ನೋಡಿ. ಮರೆವಿನ ತೊಂದರೆ ಇಲ್ಲದ, 65ರಿಂದ 85 ವಯಸ್ಸಿನ 4,486 ಜನರ ಮಿದುಳಿಗೆ ಪೆಟ್ ಸ್ಕ್ಯಾನ್ (ಅಮೈಲಾಯ್ಡ್ ಎಷ್ಟಿದೆ ಅಂತ ತೋರಿಸುವ ಸ್ಕ್ಯಾನ್) ಮಾಡಿದರು. ಬಿಳಿಯರಿಗೆ ಹೋಲಿಸಿದರೆ ಕಪ್ಪು ವರ್ಣೀಯರಲ್ಲಿ ಅಮೈಲಾಯ್ಡ್ ಜಾಸ್ತಿ ಇದ್ದವರ ಪ್ರಮಾಣ ಕಡಿಮೆ ಬಂತು. ಇಲ್ಲಿ ಯಾರು ಯಾವ ಗುಂಪು ಅನ್ನುವುದನ್ನು ಅವರೇ ಹೇಳಿಕೊಂಡದ್ದು. ರಕ್ತ ನೋಡಿ ಬರೆದದ್ದಲ್ಲ. ಇತ್ತ ಇಡೀ ಅಮೆರಿಕದ ಲೆಕ್ಕ ತೆಗೆದರೆ ಮರೆವಿನ ಕಾಯಿಲೆ ಕಪ್ಪು ವರ್ಣೀಯರಲ್ಲೇ ಜಾಸ್ತಿ. ಬಿಪಿ, ಸಕ್ಕರೆ ಕಾಯಿಲೆ, ಓದು, ಬದುಕಿನ ಕಷ್ಟ ಎಲ್ಲವೂ ಅದರಲ್ಲಿ ಸೇರಿಕೊಂಡಿವೆ. ‘ಜನಾಂಗೀಯ’ ಎಂದು ಬರೆದರೆ ಇದೆಲ್ಲ ಮುಚ್ಚಿಹೋಗುತ್ತದೆ.

‘ಆನುವಂಶಿಕ’ ಅಂದರೂ ಅಪ್ಪನಿಗಿತ್ತು, ಮಗನಿಗೂ ಬಂದೇ ಬರುತ್ತದೆ ಅನ್ನುವ ಭಯ. ಎಪಿಒಇ ಎಂಬ ಜೀನಿನ (ವಂಶವಾಹಿಯ) ಇ4 ರೂಪ ಇದ್ದವರಲ್ಲಿ ಅಮೈಲಾಯ್ಡ್ ಬೇಗ ಕಟ್ಟುತ್ತದೆ, ನಿಜ. ಆದರೆ ಅದಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಸುಮ್ನೆ ‘ಜೀನಿನ ವ್ಯತ್ಯಾಸ’ ಅಂದರೆ ಸಾಕು ಅನ್ನಿಸುತ್ತದೆ.

ಸದ್ಯಕ್ಕೆ ಹೀಗೆ ಬರೆದಿಟ್ಟಿದ್ದೇನೆ: ‘ಮರೆವಿನ ತೊಂದರೆ ಇಲ್ಲದವರ ಮಿದುಳಿನಲ್ಲೂ ಅಮೈಲಾಯ್ಡ್ ಕಟ್ಟಿರಬಹುದು. ಎಷ್ಟು ಅನ್ನುವುದು ಜೀನಿಗೆ ತಕ್ಕಂತೆ, ಸಮುದಾಯಕ್ಕೆ ತಕ್ಕಂತೆ ಬೇರೆಯಾಗುತ್ತದೆ.’ ಆದರೆ ಪತ್ರಿಕೆಗಳಲ್ಲಿ ‘ಸಮುದಾಯ’ವೂ ಈಗ ಜಾತಿಯ ಮಾತೇ ಆಗಿಬಿಟ್ಟಿದೆ. ‘ಜನವರ್ಗ’ ಆಗಬಹುದೇ?

ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು ವರ್ಷಗಳಿಂದ ಹಿರಿಯರ ಮಿದುಳಿನ ಅಧ್ಯಯನ ಮಾಡುತ್ತಿದ್ದಾರೆ. ಆ ಕಡೆಯವರು ಇಲ್ಲಿ ಯಾರಾದರೂ ಇದ್ದರೆ, ‘ಅರಳುಮರಳು’ ಬಿಟ್ಟು ಜನ ಇನ್ನೇನು ಮಾತು ಬಳಸುತ್ತಾರೆ ಅಂತ ದಯವಿಟ್ಟು ತಿಳಿಸಿ.